ನಾಳೆಗೊಂದು ಸಣ್ಣ ಸಂತೋಷ

ಪರಸ್ಥಳದಲ್ಲಿ ಸಂಸಾರ ಹೂಡಿದವರಿಗೆ ದೀಪ ಹಚ್ಚುವ ಹೊತ್ತು ಬಲು ಕಠಿಣವಾದ ಹೊತ್ತು. ಬೆಳಗಿನಲ್ಲಿ ನಳದ ನೀರಿನ ಗಡಿಬಿಡಿ, ಡಬ್ಬಿ ಕಟ್ಟುವ ಅವಸರ, ಲೋಕಲ್ ಗಾಡಿ ಹಿಡಿಯುವ ಓಟ ಇದ್ದೇ ಇರುತ್ತವೆ. ಹಗಲು ಹೇಗೋ ಜಾರಿಹೋಗುತ್ತದೆ. ಆದರೆ ಊರಿನಲ್ಲಿ ದನಗಳು ಮನೆಗೆ ಮರಳುವ ಆ ಸಂಜೆಯ ವೇಳೆಯಲ್ಲಿ, ಇಲ್ಲಿ ಕಿಟಕಿಯ ಬಳಿ ಒಬ್ಬರೇ ಕುಳಿತವರ ಮನಸ್ಸಿಗೆ ಏನಾಗುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು. ನಮ್ಮ ಸಂಘದ ಅನೇಕ ಮನೆಗಳಲ್ಲಿ ಅಂಥದೊಂದು ಕಿಟಕಿ ಇದ್ದೀತು. ನಮ್ಮ ಮನೆಯಲ್ಲಿಯೂ ಇತ್ತು. ಆ ಕಿಟಕಿಯ ಸಂಗತಿಯನ್ನು ವಾಚಕ ಬಂಧುಗಳ ಮುಂದೆ ಇಡಬೇಕೆಂದು ಇದನ್ನು ಬರೆಯುತ್ತಿದ್ದೇವೆ. ಇದರಲ್ಲಿ ಉಪದೇಶ ಕಡಿಮೆ. ನಮ್ಮ ತಪ್ಪಿನ ಒಪ್ಪಿಗೆಯೇ ಹೆಚ್ಚು.

2023ರ ಫೆಬ್ರವರಿಯಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಅರ್ಧ ಶತಮಾನ ಅವರೊಡನೆ ಸಂಸಾರ ನಡೆಸಿದ ಅವ್ವ ಒಬ್ಬಳೇ ಉಳಿದಳು. ದಿನಕರ್ಮಗಳು ಮುಗಿದ ಮೇಲೆ ಹಿರಿಯರ ಮನೆಗೆ ಬೀಗ ಹಾಕಿ, ಎಮ್ಮೆಯನ್ನು ನೆರೆಯವರಿಗೆ ಒಪ್ಪಿಸಿ, ಆಕೆಯನ್ನು ಡೊಂಬಿವಲಿಯ ನಮ್ಮ ಮೂರನೆಯ ಮಹಡಿಯ ಮನೆಗೆ ಕರೆತಂದೆವು. ನಾವು ಗಂಡಹೆಂಡಿರಿಬ್ಬರೂ ಮುಂಬಯಿಯ ಕೋಟೆ ಭಾಗಕ್ಕೆ ಕೆಲಸಕ್ಕೆ ಹೋಗುವವರು. ಹೋಗಲು ಒಂದೂಕಾಲು ತಾಸು, ಬರಲು ಅಷ್ಟೇ. ಮಗಳು ನಾಲ್ಕನೆಯ ಇಯತ್ತೆ.

ನಮ್ಮ ಪ್ರೀತಿಗೇನೂ ಕೊರತೆ ಇರಲಿಲ್ಲ. ಜನ್ಮವೆಲ್ಲ ದುಡಿದ ಜೀವ, ಇನ್ನಾದರೂ ವಿಶ್ರಾಂತಿ ಸಿಗಲೆಂದು ಅಡಿಗೆಗೆ ಒಬ್ಬ ಹೆಂಗಸನ್ನು ಗೊತ್ತುಮಾಡಿದೆವು. ರೊಟ್ಟಿಯನ್ನು ಅಂಗಡಿಯಿಂದ ತರಿಸಿದೆವು. ಬಂದ ಮೊದಲ ವಾರ ಅವ್ವ ನೆಲದ ಮೇಲೆ ಹಲಗೆ ಇಟ್ಟುಕೊಂಡು ರೊಟ್ಟಿ ಬಡಿಯಲು ಕುಳಿತಿದ್ದಳು. ಎರಡನೆಯ ರೊಟ್ಟಿಗೇ ನಾವು ಓಡಿಹೋಗಿ, "ಬ್ಯಾಡವ್ವಾ, ಕೆಳಗಿನ ಮನಿಯವರು ಏನರೆ ಅಂದಾರು. ನೀ ಸುಮ್ನ ಕೂಡು" ಎಂದು ತಡೆದೆವು. ಆಕೆ ಏನೂ ಅನ್ನಲಿಲ್ಲ. ಹಲಗೆಯನ್ನು ಒರೆಸಿ, ಗೋಡೆಗೆ ಆನಿಸಿಟ್ಟಳು.

ಮೊದಮೊದಲು ನಗೆಮಾತು ಇತ್ತು. "ಇಲ್ಲಿ ಕಾಗಿ ಸುದ್ದಾ ಮರಾಠಿಯೊಳಗ ಒದರತಾವ ನೋಡು ತಮ್ಮಾ" ಎಂದು ಕಿಟಕಿಯ ಕಡೆ ಕೈಮಾಡಿ ಹೇಳುತ್ತಿದ್ದಳು. ಬರಬರುತ್ತ ನಗೆ ನಿಂತಿತು, ಮಾತು ಕಡಿಮೆಯಾಯಿತು, ಊಟ ಅರ್ಧಕ್ಕೆ ಇಳಿಯಿತು. ಡಾಕ್ಟರರು ನೋಡಿ, ದೇಹದಲ್ಲಿ ದೋಷವೇನೂ ಇಲ್ಲವೆಂದರು. ನಾವು ದೊಡ್ಡ ಟೀವಿ ಕೊಂಡು ತಂದೆವು. ರಜೆ ಹಾಕಿ ಪಂಢರಾಪುರಕ್ಕೆ ಕರೆದುಕೊಂಡು ಹೋದೆವು. ವಿಠ್ಠಲನ ಮುಂದೆ ನಿಂತು ಕಣ್ಣೀರು ಸುರಿಸಿದಳು. ಮರಳಿ ಬಂದು ಅದೇ ಕಿಟಕಿಯ ಬಳಿ ಕುಳಿತಳು. ಜೂನ್ ತಿಂಗಳ ಒಂದು ರಾತ್ರಿ ಮೆಲ್ಲಗೆ ಹೇಳಿದಳು: "ನಾ ಇಲ್ಲಿ ಯಾರಿಗೂ ಬೇಕಾಗಿಲ್ಲೋ ತಮ್ಮಾ. ಕೂಡಿಸಿದಲ್ಲೆ ಕೂಡ್ತೀನಿ, ಕೊಟ್ಟದ್ದು ತಿಂತೀನಿ. ನನ್ನ ಊರಿಗೆ ಕಳಸಿಬಿಡು."

ಇಷ್ಟೆಲ್ಲ ಮಾಡಿದರೂ ಇಂಥ ಮಾತೇ ಎಂದು ನಮಗೆ ನೋವಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಸಿಟ್ಟೂ ಬಂದಿತು. ಆ ಮಾತಿನಲ್ಲಿಯೇ ರೋಗವೂ ಔಷಧವೂ ಎರಡೂ ಇದ್ದವೆಂಬುದು ನಮಗೆ ಆಗ ತಿಳಿಯಲಿಲ್ಲ.

ತಿಳಿಸಿಕೊಟ್ಟದ್ದು ಒಂದು ಮಳೆ. ಜುಲೈ ತಿಂಗಳಿನಲ್ಲಿ ಒಂದು ದಿನ ಮಧ್ಯಾಹ್ನದಿಂದ ಹಿಡಿದ ಮಳೆಗೆ ಹಳಿಗಳ ಮೇಲೆ ನೀರು ನಿಂತು ಗಾಡಿಗಳು ನಿಂತವು. ನಾವಿಬ್ಬರೂ ಬೇರೆ ಬೇರೆ ನಿಲ್ದಾಣಗಳಲ್ಲಿ ಸಿಕ್ಕಿಕೊಂಡೆವು. ಅಡಿಗೆಯಾಕೆಯೂ ಬರಲಿಲ್ಲ. ಶಾಲೆಯಿಂದ ತೊಯ್ದು ಬಂದ ಮಗಳು, "ಅಜ್ಜಿ, ಹಸಿವಾಗೇದ" ಎಂದು ನಿಂತಳು. ಅವ್ವ ಎದ್ದಳು. ಅಂಬಲಿಗೆಂದು ತಂದಿಟ್ಟಿದ್ದ ಜೋಳದ ಹಿಟ್ಟು ಡಬ್ಬಿಯಲ್ಲಿತ್ತು. ಎಸರಿಟ್ಟಳು, ಗೋಡೆಗೆ ಆನಿಸಿದ ಹಲಗೆಯನ್ನು ತೆಗೆದಳು. ಜೋಳದ ಹಿಟ್ಟಿನಲ್ಲಿ ಗೋದಿಯ ಅಂಟು ಇಲ್ಲವಲ್ಲ. ಬಿಸಿನೀರಿನಲ್ಲಿ ಚೆನ್ನಾಗಿ ನಾದಿ, ಅಂಗೈಯಿಂದ ಬಡಿದೇ ಅದನ್ನು ಹರವಬೇಕು. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಹದ ನೋಡಿ ತಿರುವಬೇಕು. ಐದು ತಿಂಗಳು ಸುಮ್ಮನಿದ್ದ ಕೈಗೆ ಅದೆಲ್ಲ ನೆನಪಿತ್ತು. ಮಳೆಯ ಸಪ್ಪಳದ ನಡುವೆ ರೊಟ್ಟಿ ಬಡಿಯುವ ಸಪ್ಪಳ ಮನೆಯನ್ನೆಲ್ಲ ತುಂಬಿತಂತೆ. ಒಂದು ಕಡೆ ಝುಣಕ ಕುದಿಯುತ್ತಿತ್ತು.

ಆಗ ಯಾರೋ ಬಾಗಿಲು ತಟ್ಟಿದರು. ನಾವು ಹೆದರಿಸಿಟ್ಟಿದ್ದೆವಲ್ಲ, ಕೆಳಗಿನ ಮನೆಯವರು ಜಗಳಕ್ಕೇ ಬಂದರೆಂದು ಅವ್ವ ಹಿಟ್ಟಿನ ಕೈಯಲ್ಲಿಯೇ ಅಂಜಿ ಬಾಗಿಲು ತೆರೆದಳಂತೆ. ಬಂದವರು ಕೆಳಗಿನ ಮನೆಯವರೇ. ಅವ್ವನ ವಯಸ್ಸಿನ ಒಬ್ಬ ಹೆಣ್ಣುಮಗಳು. ಆಕೆಯ ಕೈಯಲ್ಲಿ ಒಂದು ಸ್ಟೀಲಿನ ಬಟ್ಟಲು, ಅದರಲ್ಲಿ ಶೇಂಗಾ ಚಟ್ನಿ. ಅರ್ಧ ಮರಾಠಿ, ಅರ್ಧ ಮುರುಕು ಕನ್ನಡದಲ್ಲಿ ಆಕೆ ಕೇಳಿದ್ದು ಇಷ್ಟೇ: "ರೊಟ್ಟಿ ಬಡಿಯೂದು ನೀವೇನ್ರಿ?"

ಆಕೆ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕಡೆಯವರು. ಎಳವೆಯಲ್ಲಿ ಓಣಿಯ ತುಂಬ ಕನ್ನಡ ಕೇಳಿ ಬೆಳೆದವರು. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದವರು. ಮಗ ಸೊಸೆ ಮನೆ ಸೇರುವಾಗ ರಾತ್ರಿ ಒಂಬತ್ತು. ಅವರ ಮನೆಯಲ್ಲಿಯೂ, "ಆಯೀ, ನೀ ಸುಮ್ಮನೆ ಕುಳಿತಿರು" ಎಂದೇ ಮಗನ ಆಗ್ರಹ. ಆ ಸಂಜೆ ಮೇಲಿನಿಂದ ಬಂದ ಸಪ್ಪಳ ಕೇಳಿ, ತನ್ನ ತವರಿನ ಅಡಿಗೆಮನೆಯೇ ಛಾವಣಿಯ ಮೇಲೆ ಬಂದಂತಾಯಿತೆಂದು ಮೆಟ್ಟಿಲು ಹತ್ತಿಬಂದಿದ್ದರು. ನಮ್ಮ ನೆಲವೇ ಅವರ ಛಾವಣಿ. ಇಬ್ಬರು ಮುದುಕಿಯರು ತಿಂಗಳುಗಟ್ಟಲೆ ಒಬ್ಬರ ಮೇಲೊಬ್ಬರು, ಒಂದೇ ದುಃಖವನ್ನು ಇಟ್ಟುಕೊಂಡು, ಒಂದೇ ಬೀದಿಯನ್ನು ನೋಡುತ್ತ ಕುಳಿತಿದ್ದರು. ಅವರನ್ನು ಕೂಡಿಸಬಹುದಾಗಿದ್ದ ಒಂದೇ ಸಪ್ಪಳವನ್ನು ಸಭ್ಯತೆಯ ಹೆಸರಿನಲ್ಲಿ ನಿಲ್ಲಿಸಿದವರು ನಾವು!

ರಾತ್ರಿ ಹನ್ನೊಂದಕ್ಕೆ ನಾವು ಮನೆ ಸೇರಿದಾಗ ಮಗಳು ನಿದ್ದೆಹೋಗಿದ್ದಳು. ಅವ್ವ ಎದ್ದು ಕುಳಿತಿದ್ದಳು. ತಟ್ಟೆ ಹಾಕಿ, "ಬಿಸಿ ಇಲ್ಲ, ಆರ್ಯಾವ. ಆದರೂ ತಿನ್ರಿ" ಎಂದಳು. ಹಲವು ತಿಂಗಳ ಮೇಲೆ ಆಕೆ ನಮಗೆ ಬಡಿಸಿದಳು. ತಾನೂ ನಮ್ಮೊಡನೆ ಕುಳಿತು ಒಂದು ರೊಟ್ಟಿ ಪೂರಾ ಉಂಡಳು.

ಮರುದಿನದಿಂದ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಅದು ಸುಳ್ಳಾದೀತು. ದುಃಖ ಹಾಗೆ ಹೋಗುವಂಥದಲ್ಲ. ತಂದೆಯವರ ಕನ್ನಡಕದ ಡಬ್ಬಿ ಇಂದಿಗೂ ಆಕೆಯ ದಿಂಬಿನ ಬದಿಗೆ ಇದೆ. ಒಮ್ಮೊಮ್ಮೆ ನಡುರಾತ್ರಿಯಲ್ಲಿ ಆಕೆ ಎದ್ದು ಕೂತಿರುವುದುಂಟು. ಬದಲಾದದ್ದು ಇಷ್ಟು: ಸಂಜೆ ಐದಕ್ಕೆ ಆಕೆಗೆ ಈಗ ಒಂದು ಕೆಲಸವಿದೆ, ಆ ಕೆಲಸಕ್ಕೆ ಒಬ್ಬರು ಜೊತೆಯಿದ್ದಾರೆ. ಚಹ ಆದ ಕೂಡಲೇ ಅವ್ವ ಲಟ್ಟಣಿಗೆಯಿಂದ ನೆಲಕ್ಕೆ ಎರಡು ಸಲ ಕುಟ್ಟುತ್ತಾಳೆ. ಕೆಳಗಿನವರು ಮೆಂತ್ಯೆ ಸೊಪ್ಪಿನ ಸಿವುಡು ಹಿಡಿದು ಮೇಲೆ ಬರುತ್ತಾರೆ. ಇಬ್ಬರೂ ಕಾಲು ಚಾಚಿ ಕುಳಿತು ಎರಡೂ ಮನೆಗಳ ಸೊಪ್ಪು ಸೋಸುತ್ತಾರೆ. ನಮ್ಮ ಮಗಳಿಗೆ ಮೇಲೆ ಅಜ್ಜಿ, ಕೆಳಗೆ ಆಜಿ. ಯಾವ ಸಪ್ಪಳಕ್ಕೆ ನಾವು ಅಂಜಿದ್ದೆವೋ ಅದೇ ಈಗ ಕರೆಗಂಟೆಯಾಗಿದೆ.

ಸುಖದುಃಖಗಳ ವಿಷಯದಲ್ಲಿ ನಮ್ಮ ಎಣಿಕೆ ತಪ್ಪಿದ್ದು ಎಲ್ಲಿ ಎಂದು ಆಮೇಲೆ ಬಹಳ ಯೋಚಿಸಿದೆವು. ಸಂತೋಷವೆಂದರೆ ದುಃಖವನ್ನು ಮರೆಸುವ ವಸ್ತು ಎಂದು ನಾವು ತಿಳಿದಿದ್ದೆವು. ಅದಕ್ಕಾಗಿ ದೊಡ್ಡ ದೊಡ್ಡ ಸಂತೋಷಗಳನ್ನು ತಂದು ಸುರಿದೆವು. ಆದರೆ ದುಃಖ ಮನೆಯ ಹಿರಿಯನಂತೆ. ಹೊರಗೆ ಹಾಕಲು ಬರುವುದಿಲ್ಲ. ಅದರ ಮಗ್ಗುಲಲ್ಲಿ ಇನ್ನೊಂದು ಮಣೆ ಹಾಕಿ ಸಣ್ಣದೊಂದು ಸಂತೋಷವನ್ನೂ ಕೂಡಿಸಬಹುದು, ಅಷ್ಟೇ. ಆ ಸಂತೋಷವನ್ನು ಮತ್ತೊಬ್ಬರು ತಟ್ಟೆಯಲ್ಲಿಟ್ಟು ಕೊಡಲಾರರು. ನಮ್ಮ ಕೈಯಿಂದ ಆಗುವ ಏನೋ ಒಂದು ಕೆಲಸ, ಅದಕ್ಕಾಗಿ ಕಾಯುವ ಯಾರೋ ಒಬ್ಬರು, ನಾಳೆಯೂ ಅದು ಇದೆ ಎಂಬ ಭರವಸೆ. ಇವು ಕೂಡಿದಲ್ಲಿ ಅದು ತಾನಾಗಿ ಬಂದು ಕೂಡುತ್ತದೆ.

ಇದು ನಾವೇ ಹೊಸದಾಗಿ ಕಂಡುಹಿಡಿದ ಮಾತೇನೂ ಅಲ್ಲ. ಅಮೇರಿಕೆಯ ಓರೆಗನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ ಎಂಬವರು 1970ರ ದಶಕದಲ್ಲಿ ಇದನ್ನು ಶಾಸ್ತ್ರೀಯವಾಗಿ ವಿಚಾರಮಾಡಿದರು. ಮನಸ್ಸು ಕುಗ್ಗಿದವನು ಮಾಡುವ ಕೆಲಸಗಳನ್ನು ಒಂದೊಂದಾಗಿ ಬಿಡುತ್ತಾನೆ. ಕೆಲಸ ಬಿಟ್ಟಂತೆ ಅದರೊಡನೆ ಬರುವ ಸಣ್ಣ ಸಂತೋಷಗಳೂ ನಿಲ್ಲುತ್ತವೆ. ಅವು ನಿಂತಂತೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಹೀಗೆ ಇದು ಗಾಣದ ಎತ್ತಿನ ಸುತ್ತು. ಈ ಸುತ್ತನ್ನು ಮುರಿಯಲು, ಉಲ್ಲಾಸ ಬರಲೆಂದು ಕಾಯದೆ ಮೊದಲು ಕೈಯನ್ನು ಕೆಲಸಕ್ಕೆ ಹಚ್ಚಬೇಕು, ಉಲ್ಲಾಸ ಹಿಂದಿನಿಂದ ಬರುತ್ತದೆ ಎಂಬುದು ಅವರ ಮಾರ್ಗದ ಸಾರ. ಅವರೂ ಅವರ ಸಹೋದ್ಯೋಗಿಯೂ ಕೂಡಿ, ಮನುಷ್ಯರಿಗೆ ಹಿತವೆನಿಸುವ ದಿನನಿತ್ಯದ 320 ಸಂಗತಿಗಳ ಪಟ್ಟಿಯನ್ನೇ ಸಿದ್ಧಪಡಿಸಿದ್ದರು. ಇಂದಿಗೂ ಚಿಕಿತ್ಸಕರು ಈ ದಾರಿಯನ್ನು ಅನುಸರಿಸುತ್ತಾರೆ. ನಾವೋ, ಅವ್ವನ ಕೈಯಿಂದ ಹಲಗೆಯನ್ನು ಕಿತ್ತುಕೊಂಡು ಆ ಗಾಣದ ಸುತ್ತಿಗೆ ನಾವೇ ಎತ್ತು ಕಟ್ಟಿದ್ದೆವು.

ಒಂಟಿತನವನ್ನು ಬರಿಯ ಮನಸ್ಸಿನ ಹಟವೆಂದು ತಳ್ಳಿಹಾಕುವಂತೆಯೂ ಇಲ್ಲ. ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮನೆತನದವರಾದ ಡಾ. ವಿವೇಕ ಮೂರ್ತಿಯವರು ಅಮೇರಿಕಾ ಸರಕಾರದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಇದೊಂದೇ ವಿಷಯದ ಮೇಲೆ ಎಚ್ಚರಿಕೆಯ ವರದಿಯನ್ನು ಹೊರಡಿಸಿದರು. ಜನರ ಒಡನಾಟ ಕಡಿದುಹೋದವರಲ್ಲಿ ಹೃದಯರೋಗದ ಅಪಾಯ ಶೇಕಡಾ 29ರಷ್ಟೂ ಪಾರ್ಶ್ವವಾಯುವಿನ ಅಪಾಯ ಶೇಕಡಾ 32ರಷ್ಟೂ ಹೆಚ್ಚು ಎಂದು ಅದರಲ್ಲಿ ಹೇಳಿದೆ. ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ವರದಿ 2025ರಲ್ಲಿ ತಿಳಿಸಿತು. ಆರರಲ್ಲಿ ಒಬ್ಬರೆಂದರೆ ನಮ್ಮ ಕಟ್ಟಡದ ಒಂದೊಂದು ಮಹಡಿಯಲ್ಲಿಯೂ ಕೆಲವರು ಇದ್ದಾರೆಂದಾಯಿತು. ಬಾಗಿಲು ಮುಚ್ಚಿದ್ದರಿಂದ ಕಾಣುವುದಿಲ್ಲ.

ಊರು ಬಿಟ್ಟು ಬಂದ ನಮ್ಮ ಹಿರಿಯರು ಈ ಕಷ್ಟವನ್ನು ಬಲ್ಲವರಾಗಿದ್ದರು. ಮುಂಬಯಿಯಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದವು. ಭಾಷೆ, ನಾಟಕ, ಸಾಹಿತ್ಯ ಎಂಬ ದೊಡ್ಡ ಉದ್ದೇಶಗಳ ಜೊತೆಗೆ, ವಾರಕ್ಕೊಮ್ಮೆಯಾದರೂ ನಾಲ್ಕು ಜನರೊಡನೆ ಬಾಯಿತುಂಬ ಕನ್ನಡ ಮಾತಾಡಬೇಕೆಂಬ ಸಣ್ಣ ಹಸಿವೂ ಅಂಥ ಸಂಘಗಳ ಅಡಿಗಲ್ಲಿನಲ್ಲಿ ಇದ್ದೀತೆಂದು ನಮ್ಮ ಊಹೆ. ಕಥೆಗಾರ ಯಶವಂತ ಚಿತ್ತಾಲರು (1928–2014) ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರೂ ತಮ್ಮ ಊರಾದ ಹನೇಹಳ್ಳಿಯನ್ನು ಕಥೆಯಿಂದ ಕಥೆಗೆ ಕಟ್ಟುತ್ತಲೇ ಹೋದರು. ಎಲ್ಲರೂ ಕಥೆ ಬರೆಯಲಾರರು. ಆದರೆ ಊರಿನ ಒಂದು ತುಣುಕನ್ನು ಕೈಗೆಲಸವಾಗಿ ಮಾಡಿಕೊಂಡು ಇಲ್ಲಿಯವರಿಗೂ ಹಂಚುವುದು ಎಲ್ಲರಿಗೂ ಸಾಧ್ಯ.

ನಮ್ಮ ಬಳಗದವರ ಎರಡು ಮೂರು ಉದಾಹರಣೆಗಳನ್ನು ಹೇಳುತ್ತೇವೆ. ಹೈದರಾಬಾದಿನಲ್ಲಿ ಕೆಲಸಕ್ಕಿರುವ ನಮ್ಮ ಸೋದರಳಿಯನಿಗೆ ಆದಿತ್ಯವಾರ ಬಂತೆಂದರೆ ಭಯ. ಒಂದೇ ಕೋಣೆ, ಮಾತಿಗೆ ಯಾರೂ ಇಲ್ಲ. ಒಂದು ಆದಿತ್ಯವಾರ ಅವನು ಫೋನಿನಲ್ಲಿ ಅವ್ವನನ್ನು ಕೇಳಿಕೊಳ್ಳುತ್ತ ಹಚ್ಚಿದ ಅವಲಕ್ಕಿ ಮಾಡಿದ. ಹೆಚ್ಚಾದದ್ದನ್ನು ಮಗ್ಗುಲ ಕೋಣೆಯ ಒಡಿಶಾದ ಇಬ್ಬರು ಹುಡುಗರಿಗೆ ಕೊಟ್ಟ. ಈಗ ಆದಿತ್ಯವಾರ ಒಂಬತ್ತಾದರೆ ಅವರೇ ಬಾಗಿಲು ತಟ್ಟುತ್ತಾರಂತೆ. ವರ್ಗವಾಗಿ ಚೆನ್ನೈಗೆ ಹೋದ ಸೋದರಿಯೊಬ್ಬರು ದಿನವೂ ಹೂವಿನಾಕೆಯಿಂದ ಒಂದು ತಮಿಳು ಶಬ್ದ ಕಲಿತು, ಒಂದು ಕನ್ನಡ ಶಬ್ದ ಕಲಿಸಿ ಬರುತ್ತಾರೆ. ಇವರ ಮಲ್ಲಿಗೆ ಅವಳ ಬಾಯಲ್ಲಿ ಮಲ್ಲಿಗೈ. ಆ ಮೊದಲ ದಿನ ಇಬ್ಬರೂ ನಕ್ಕದ್ದೇ ನಂಟಿಗೆ ನಾಂದಿಯಾಯಿತು. ದಿಲ್ಲಿಯಲ್ಲಿರುವ ನಿವೃತ್ತ ಹಿರಿಯರೊಬ್ಬರು ಪತ್ನಿಯನ್ನು ಕಳೆದುಕೊಂಡವರು. ಅವರು ಬೆಳಿಗ್ಗೆ ಎಂಟಕ್ಕೆ, ಕಣ್ಣು ಮಂದವಾದ ತಮ್ಮ ಹಳೆಯ ಗೆಳೆಯರಿಗೆ ಫೋನಿನಲ್ಲಿ ಕನ್ನಡ ಪತ್ರಿಕೆಯನ್ನು ಓದಿ ಹೇಳುತ್ತಾರೆ. "ಓದುವವನು ನಾನಾದರೂ ಉಪಕಾರ ಮಾಡುತ್ತಿರುವವನು ಆತ, ಅವನಿಗಾಗಿ ನಾನು ಎದ್ದು ಹಲ್ಲುಜ್ಜುತ್ತೇನೆ" ಎಂದು ಅವರು ನಗುತ್ತಾರೆ. ಇವುಗಳಲ್ಲಿ ಯಾವುದಕ್ಕೂ ಹಣದ ಖರ್ಚು ಹೆಚ್ಚಿಲ್ಲ. ಎಲ್ಲದಕ್ಕೂ ಒಂದು ಗೊತ್ತಾದ ವೇಳೆಯಿದೆ, ಕಾಯುವವರು ಒಬ್ಬರಿದ್ದಾರೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಎಲ್ಲ ದುಃಖಕ್ಕೂ ಸೊಪ್ಪು ಸೋಸುವುದೇ ಮದ್ದಲ್ಲ. ಎರಡು ವಾರ ಕಳೆದರೂ ದಿನದ ಬಹುಭಾಗ ಮನಸ್ಸು ಕವಿದುಕೊಂಡೇ ಇದ್ದರೆ, ಮೊದಲು ಪ್ರೀತಿಯಾದದ್ದು ಯಾವುದೂ ಬೇಡವೆನಿಸಿದರೆ, ನಿದ್ದೆ ಊಟಗಳು ಕೆಟ್ಟರೆ, ಬದುಕೇ ಸಾಕೆಂಬ ಮಾತು ಬಂದರೆ, ಅದನ್ನು ಕಾಯಿಲೆಯೆಂದು ತಿಳಿದು ವೈದ್ಯರಲ್ಲಿ ಹೋಗಬೇಕು. ಜ್ವರಕ್ಕೆ ಔಷಧ ಕೊಳ್ಳುವುದರಲ್ಲಿ ಇಲ್ಲದ ಸಂಕೋಚ ಇದರಲ್ಲಿ ಏಕೆ? ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಮುಖ್ಯ ಕೇಂದ್ರವಾಗಿದ್ದು, ಕನ್ನಡದಲ್ಲಿಯೂ ಮಾತಾಡಬಹುದು. ಪರಭಾಷೆಯ ನಾಡಿನಲ್ಲಿ ತಾಯ್ನುಡಿಯಲ್ಲಿ ದುಃಖ ಹೇಳಿಕೊಳ್ಳಲು ಸಿಗುವ ಅನುಕೂಲ ಸಣ್ಣದೇನೂ ಅಲ್ಲ. ನಾವು ಮಳೆಗಾಗಿ ಕಾದು ಗೆದ್ದೆವೆಂದು ನೀವೂ ಕಾಯಬೇಡಿರಿ.

ಇನ್ನು ಸಂಕ್ರಾಂತಿಯ ಸಂಗತಿಯೊಂದನ್ನು ಹೇಳಿ ಮುಗಿಸುತ್ತೇವೆ. 2024ರ ಜನವರಿಯಲ್ಲಿ ಅವ್ವನೂ ಕೆಳಗಿನ ಆಜಿಯೂ ಕುಸುರೆಳ್ಳು ಮಾಡಲು ಹೂಡಿದರು. ಮರಾಠಿಯಲ್ಲಿ ಅದಕ್ಕೆ ಹಲವಾ ಎನ್ನುತ್ತಾರೆ. ಅಂಗಡಿಯಲ್ಲಿ ಪೊಟ್ಟಣಗಟ್ಟಲೆ ಸಿಗುವ ಈ ಕಾಲದಲ್ಲಿ ಅದನ್ನು ಮನೆಯಲ್ಲಿ ಮಾಡುವವರು ವಿರಳ. ಸಣ್ಣ ಉರಿಯ ಮೇಲೆ ಅಗಲವಾದ ಪಾತ್ರೆಯಲ್ಲಿ ಎಳ್ಳು ಹಾಕಿ, ಸಕ್ಕರೆಯ ಪಾಕವನ್ನು ಚಮಚದಿಂದ ತುಸುತುಸುವೇ ಬಿಡುತ್ತ, ಬೆರಳಿನಿಂದ ಮೆಲ್ಲಗೆ ಆಡಿಸುತ್ತಿರಬೇಕು. ಅವಸರ ಮಾಡಿದರೆ ಗಂಟು ಕಟ್ಟುತ್ತದೆ. ಒಂದು ದಿನಕ್ಕೆ ಆಗುವ ಕೆಲಸವಲ್ಲ. ಇಂದಿಗಿಷ್ಟು, ನಾಳೆಗಿಷ್ಟು ಎಂದು ದಿನಗಟ್ಟಲೆ ಮಾಡಿದರೆ ಎಳ್ಳಿನ ಮೈಮೇಲೆ ಮುಳ್ಳು ಏಳುತ್ತವೆ. ಬೆಳಗಿನ ತಂಪಿನಲ್ಲಿ ಅವು ಚೆನ್ನಾಗಿ ಏಳುತ್ತವೆಂದು ಇಬ್ಬರೂ ಐದಕ್ಕೇ ಎದ್ದು ಕೂಡುತ್ತಿದ್ದರು.

ಮೂರನೆಯ ದಿನ ನಾವು ಕೆಲಸಕ್ಕೆ ಹೊರಟಾಗ ಅವ್ವ ಒಂದು ಕಾಳನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ನೋಡುತ್ತಿದ್ದಳು. ಸಂಕ್ರಾಂತಿಗೆ ಊರಿಗೆ ಹೋಗಿಬರೋಣವೇ, ಬೀಗ ತೆಗೆದು ಮನೆ ನೋಡಿದಂತಾದೀತು ಎಂದು ಕೇಳಿದೆವು. "ಈ ಸಲ ಆಗೂದಿಲ್ಲ ತಮ್ಮಾ. ಇನ್ನೂ ಮುಳ್ಳು ಬಂದಿಲ್ಲ. ನಾಳೆ ಬರ್ತಾವ" ಎಂದಳು.

ನಾಳೆ ಎಂಬ ಶಬ್ದವನ್ನು ಆಕೆಯ ಬಾಯಿಂದ ಕೇಳಿ ನಮಗೆ ವರ್ಷವೇ ಆಗಿತ್ತು. ಆ ದಿನ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಮಾತಾಡಲಿಲ್ಲ. ಹಬ್ಬದ ದಿನ ನಮ್ಮ ಕಟ್ಟಡದ ನಾಲ್ಕೂ ಮಹಡಿಗಳ ಮಕ್ಕಳ ಕೈಗೆ ಕುಸುರೆಳ್ಳು ಬಿತ್ತು. ಊರಿಗೆ ಆಮೇಲೆ ಬೇಸಿಗೆಯಲ್ಲಿ ಹೋಗಿಬಂದೆವು. ಅಲ್ಲಿಯೂ ಅತ್ತಳು. ಹೊರಡುವಾಗ ಎರಡು ಸೇರು ಜೋಳವನ್ನು ಚೀಲಕ್ಕೆ ತುಂಬಿಸಿಕೊಂಡಳು. ಒಂದು ಸೇರು ಕೆಳಗಿನ ಮನೆಗಂತೆ.

ವಾಚಕ ಬಂಧುಗಳೇ, ಮುಂದಿನ ಸಂಚಿಕೆ ನಿಮ್ಮ ಕೈಗೆ ಬರಲು ಮೂರು ತಿಂಗಳುಂಟು. ಅಷ್ಟರಲ್ಲಿ ನಿಮ್ಮ ಮನೆಯ ಕಿಟಕಿಯ ಬಳಿ ಕುಳಿತವರ ಕೈಗೆ ಅವರು ಬಿಟ್ಟುಬಂದ ಒಂದು ಕೆಲಸವನ್ನು ಮರಳಿ ಕೊಟ್ಟು ನೋಡಿರಿ. ಕಿಟಕಿಯ ಬಳಿ ಕುಳಿತವರು ನೀವೇ ಆಗಿದ್ದರೆ, ಇಂದು ಸಂಜೆ ಏನಾದರೊಂದನ್ನು ತುಸು ಹೆಚ್ಚಾಗಿ ಮಾಡಿ, ಬಟ್ಟಲಲ್ಲಿ ಹಾಕಿಕೊಂಡು ಮಗ್ಗುಲ ಮನೆಯ ಬಾಗಿಲು ತಟ್ಟಿರಿ. ಆ ಬಾಗಿಲ ಹಿಂದೆಯೂ ಯಾರೋ ಒಂದು ಸಪ್ಪಳಕ್ಕಾಗಿ ಕಾಯುತ್ತಿರಬಹುದು.